ಸಣ್ಣೋನ ಕರಿ ಹೊಗೆ ಮತ್ತು ಸಾಸಿವೆಯಷ್ಟು ತೂತು

1

ಎಲ್ಲಿಂದ ಶುರು ಮಾಡಲಿ? ಹೊಗೆಯಿಂದ ಶುರು ಮಾಡಿದರೆ ನೀವು ಕೆಮ್ಮಿಕೊಂಡು ಪುಟ ತಿರುಗಿಸಿಬಿಡುತ್ತೀರಿ. ಎಂಜಿನ್ನಿನಿಂದ ಶುರು ಮಾಡೋಣವೆಂದರೆ ಬಾನೆಟ್ ಎತ್ತಿದಾಗ ನನಗೆ ಕಾಣುವ ಸತ್ಯ ಒಂದೇ: ಇಲ್ಲಿ ಏನನ್ನೂ ಮುಟ್ಟಬಾರದು. ಹಲ್ಲುನೋವಿನಿಂದ ಶುರು ಮಾಡಬಹುದು, ಈ ಕಥೆಯಲ್ಲಿ ಅದೂ ಇದೆ. ಆದರೆ ಅದನ್ನು ಈಗಲೇ ಖರ್ಚು ಮಾಡಿದರೆ ಕೊನೆಗೆ ನನ್ನ ಕೈ ಖಾಲಿ.

ಸರಿ, ಹೀಗೆ. ಒಬ್ಬರು ಹಲ್ಲಿನ ಡಾಕ್ಟರು. ಅವರ ಹತ್ತಿರ ಇಪ್ಪತ್ತೆರಡು ವರ್ಷದ ಒಂದು ಡೀಸೆಲ್ ಕಾರು. ಇವತ್ತು ಸಂಜೆ ನಾಲ್ಕಕ್ಕೆ ಆ ಕಾರು ಹೊಗೆ ಪರೀಕ್ಷೆಗೆ ಮೂರನೇ ಸಲ ಕೂರಬೇಕು. ಎರಡು ಸಲ ಈಗಾಗಲೇ ಫೇಲು. ಮೂರನೇ ಸಲವೂ ಫೇಲಾದರೆ (ಹೊತ್ತು ತಪ್ಪಿ ಹೋದರೂ ಫೇಲೇ) ಕಾರು ಮನೆಗೆ ಬರುವ ಹಾಗಿಲ್ಲ. ಅಲ್ಲೇ ನಂಬರ್ ಪ್ಲೇಟು ಬಿಚ್ಚಿಕೊಂಡು ಹಿಂದಿನ ಗೇಟಿನಿಂದ ಗುಜರಿ ಅಂಗಳಕ್ಕೆ ತಳ್ಳುತ್ತಾರೆ. ಅಲ್ಲಿರುವ ಒಂದು ಯಂತ್ರ ಇಡೀ ಕಾರನ್ನು ಅಪ್ಪಚ್ಚಿ ಮಾಡಿ ಟ್ರಂಕಿನಷ್ಟಕ್ಕೆ ತರುತ್ತದೆ.

ಈಗ ಮಧ್ಯಾಹ್ನ ಹನ್ನೆರಡೂವರೆ.

ನೋಡಿ, ಎಲ್ಲಿಂದ ಶುರು ಮಾಡಲಿ ಅನ್ನುತ್ತಲೇ ಶುರುವಾಗಿ ಹೋಯಿತು.

2

ಮೊದಲ ಡ್ರಾಫ್ಟಿನಲ್ಲಿ ಡಾಕ್ಟರು ಡಾಕ್ಟರಾಗಿರಲಿಲ್ಲ, ವಿಮಾನದ ಪೈಲಟ್ ಆಗಿದ್ದರು. ಅವರಿಗೆ ಆ ಸಿಟ್ಟು ಇನ್ನೂ ಇಳಿದಿಲ್ಲ.

"ಅದೇ ಚೆನ್ನಾಗಿತ್ತಲ್ರೀ. ಯೂನಿಫಾರ್ಮ್ ಬೇರೆ ಕೊಟ್ಟಿದ್ರಿ."

"ಸಾರ್, ಪೈಲಟ್ ಆದ್ರೆ ನೀವು ಕೊನೇಲಿ ಸಿಕ್ಕಿಬೀಳೋಕಾಗಲ್ಲ."

"ಸಿಕ್ಕಿಬೀಳ್ತೀನಾ? ನಾನೇನು ಮಾಡಿದೀನಿ?"

ನಾನು ಪೆನ್ನಿನ ಕ್ಯಾಪು ಹುಡುಕುವವನ ಹಾಗೆ ಮೇಜಿನ ಕೆಳಗೆ ಬಗ್ಗಿದೆ.

3

(ಮೂರನ್ನು ಕಿತ್ತು ಹಾಕಿದೆ. ಅದರಲ್ಲಿ ಸೂರ್ಯಾಸ್ತವಿತ್ತು. ಮಧ್ಯಾಹ್ನ ಹನ್ನೆರಡೂವರೆಗೆ.)

4

ಕಾರಿನ ಹೆಸರು ಸಣ್ಣೋನು. ಅದನ್ನು ಕೊಂಡವರು ಡಾಕ್ಟರ ಅಪ್ಪ, ಮೆಕ್ಯಾನಿಕ್. ಅವರಿಗೆ ಒಬ್ಬ ಮಗಳು, ಒಬ್ಬ ಮಗ. ಕಾರು ಬಂದ ಮೇಲೆ ಅದನ್ನೇ ಮೂರನೇ ಮಗು ಅಂತ ಮುದ್ದು ಮಾಡಿದರು. ಆಗಲೇ ಮೂವತ್ತು ಮುಟ್ಟಿದ್ದ ಮಕ್ಕಳಿಬ್ಬರೂ ಹೊಟ್ಟೆಕಿಚ್ಚಿಗೆ ಇಟ್ಟ ಹೆಸರು ಅದು, ಉಳಿದುಬಿಟ್ಟಿತು.

ಅಪ್ಪ ಹೋಗುವಾಗ ಗ್ಯಾರೇಜನ್ನು ಮಗಳಿಗೂ ಕಾರನ್ನು ಮಗನಿಗೂ ಬಿಟ್ಟರು. ಜಾಣ ಮನುಷ್ಯ. ಹಳೇ ಕಾರು ಕೆಡುತ್ತಲೇ ಇರುತ್ತದೆ, ಮಗ ಅಕ್ಕನ ಗ್ಯಾರೇಜಿಗೆ ಹೋಗುತ್ತಲೇ ಇರಬೇಕು. ಎಂಟು ವರ್ಷದಿಂದ ಅದೇ ನಡೆದಿದೆ. ತಿಂಗಳಿಗೊಂದು ಸಲ ಡಾಕ್ಟರು ಹೋಗುತ್ತಾರೆ. ಕ್ಲಚ್ಚು, ಬೆಲ್ಟು, ಬ್ರೇಕಿನ ಕಿರ್ ಕಿರ್, ಇಷ್ಟೇ ಮಾತು. ಬೇರೆ ಮಾತು ಇಬ್ಬರಿಗೂ ಬರುವುದಿಲ್ಲ. ಆದರೂ ಮಾತು ಮಾತೇ ತಾನೆ? ನಾಳೆ ಹೊಸ ಕಾರು ಬಂದರೆ ಅದು ಶೋರೂಮಿಗೆ ಹೋಗುತ್ತದೆ. ಆಮೇಲೆ ಐವತ್ತು ದಾಟಿದ ಗಂಡಸು ಏನು ನೆಪ ಹೇಳಿಕೊಂಡು ಅಕ್ಕನ ಮುಂದೆ ನಿಲ್ಲಬೇಕು?

"ಸಾಕು," ಅಂದರು ಅಕ್ಕ, ಕಾರಿನ ಕೆಳಗಿನಿಂದ. "ರೀ ಕಥೆಗಾರರೇ, ಓದೋರನ್ನ ಅಳಿಸೋದಿದ್ರೆ ಗ್ಯಾರೇಜಿನ ಆಚೆ ಅಳಿಸಿ. ಇಲ್ಲಿ ಈಗಾಗಲೇ ಆಯಿಲ್ ಸೋರ್ತಿದೆ."

5

ಅಕ್ಕನ ಬಗ್ಗೆ ಎರಡು ವಿಷಯ. ಒಂದು, ಎಂಜಿನ್ನಿನ ಸದ್ದು ಕೇಳಿ ರೋಗ ಹೇಳುವುದರಲ್ಲಿ ಅಪ್ಪನನ್ನೂ ಮೀರಿಸಿದವರು. ಎರಡು, ನಾಲ್ಕು ದಿನದಿಂದ ಅವರ ಎಡಗೆನ್ನೆ ಒಳಗೆ ನಿಂಬೆಹಣ್ಣು ಇಟ್ಟುಕೊಂಡ ಹಾಗೆ ಊದಿದೆ. ಟವೆಲ್ಲನ್ನು ಗಲ್ಲದ ಕೆಳಗಿನಿಂದ ತಂದು ನೆತ್ತಿಯ ಮೇಲೆ ಗಂಟು ಹಾಕಿದ್ದಾರೆ. ಎರಡು ತುದಿಗಳೂ ಮೊಲದ ಕಿವಿಯಂತೆ ನಿಂತಿವೆ.

"ಒಂದೇ ಒಂದು ಸಲ ಬಾಯಿ ತೆಗಿ ಅಕ್ಕಾ. ಬರೀ ನೋಡ್ತೀನಿ."

"ಮೂವತ್ತು ವರ್ಷದ ಹಿಂದೆನೂ ಬರೀ ನೋಡ್ತೀನಿ ಅಂದಿದ್ದೆ."

ಆಗ ಡಾಕ್ಟರು ಇನ್ನೂ ಕಾಲೇಜಿನಲ್ಲಿದ್ದರು. ಹುಳುಕು ಹಲ್ಲನ್ನು ಬಿಟ್ಟು ಪಕ್ಕದ ಗಟ್ಟಿ ಹಲ್ಲನ್ನು ಕಿತ್ತಿದ್ದರು. ಆ ಹಲ್ಲು ಇವತ್ತಿಗೂ ಗ್ಯಾರೇಜಿನ ಗೂಡಿನಲ್ಲಿ, ನಟ್ಟು ಬೋಲ್ಟಿನ ಡಬ್ಬಿಗಳ ನಡುವೆ ಒಂದು ಪುಟ್ಟ ಡಬ್ಬಿಯಲ್ಲಿದೆ. ಮೇಲೆ ಚೀಟಿ ಅಂಟಿಸಿದ್ದಾರೆ: "ಕೆಟ್ಟಿರಲಿಲ್ಲ."

6

ಈಗ ನಾನು ಎಂಜಿನ್ ರಿಪೇರಿಯನ್ನು ವರ್ಣಿಸಬೇಕು. ಹೀಗೆ ಬರೆದೆ: "ಅಕ್ಕ ಕಾರ್ಬ್ಯುರೇಟರನ್ನು ತೆಗೆದು..."

"ಏನದು?"

"ಕಾರ್ಬ್ಯುರೇಟರು."

"ಡೀಸೆಲ್ ಗಾಡೀಲಿ ಅದಿರಲ್ಲ. ಹೊಡೆದು ಹಾಕಿ."

ಹೊಡೆದೆ. ಅಕ್ಕ ಕೈ ಒರೆಸಿಕೊಂಡು, ಬಾಯಿ ಅರ್ಧ ತೆರೆದು, ನೋವಿಗೆ ಮುಖ ಕಿವುಚಿಕೊಂಡೇ ನನಗೆ ಪಾಠ ಮಾಡಿದರು.

"ಎಂಜಿನ್ ಬಿಟ್ಟ ಹೊಗೇಲಿ ಸ್ವಲ್ಪಾನ ಮತ್ತೆ ಎಂಜಿನ್ನಿಗೇ ಕುಡಿಸ್ತಾರೆ. ಒಳಗಿನ ಬಿಸಿ ಕಮ್ಮಿ ಆಗ್ಲಿ, ಆಚೆ ಹೋಗೋ ವಿಷ ಕಮ್ಮಿ ಆಗ್ಲಿ ಅಂತ. ಎಷ್ಟು ಕುಡಿಸ್ಬೇಕು, ಯಾವಾಗ ನಿಲ್ಲಿಸ್ಬೇಕು ಅಂತ ಒಂದು ಬಾಗಿಲಿದೆ. ಅದೇ ಇಜಿಆರ್ ವಾಲ್ವ್. ಆ ಬಾಗಿಲು ತೆಗ್ದೇ ಕೂತ್ರೆ ಗಾಡಿ ತನ್ನ ಹೊಗೆ ತಾನೇ ಕುಡ್ಕೊಂಡು ಉಸಿರುಗಟ್ಟುತ್ತೆ. ನಿಂತಲ್ಲೇ ನಡುಗುತ್ತೆ. ಏರು ಹತ್ತಲ್ಲ. ಕರೀ ಹೊಗೆ ಉಗುಳುತ್ತೆ. ಸಣ್ಣೋನಿಗೆ ಆಗಿರೋದು ಅದೇ."

"ಅಂದ್ರೆ, ತನ್ನ ಬಗ್ಗೆನೇ ಹೇಳ್ಕೊಂಡು ಹೇಳ್ಕೊಂಡು ಸುಸ್ತಾಗೋ ಕಥೆ ಥರ."

"ನಿಮ್ಮ ಕಥೆ ನಾನು ಓದಿಲ್ಲ. ಹತ್ತನೇ ನಂಬರ್ ಸ್ಪ್ಯಾನರ್ ಕೊಡಿ."

ನಾನು ಹನ್ನೆರಡನೆಯದು ಕೊಟ್ಟೆ. ಆಮೇಲೆ ಅವರು ನನಗೆ ಕೆಲಸ ಹೇಳಲಿಲ್ಲ.

7

ಒಂದೂವರೆಗೆ ವಾಲ್ವ್ ಕೆಳಗೆ ಬಂತು. ಮುಷ್ಟಿಗಾತ್ರದ ಲೋಹದ ಗಡ್ಡೆ. ಇಪ್ಪತ್ತೆರಡು ವರ್ಷದ ಡೀಸೆಲ್ ಗಾಡಿಯ ವಾಲ್ವ್ ಅಂದರೆ ಒಳಗೆ ಟಾರಿನಂಥ ಮಸಿ ಬೆರಳು ದಪ್ಪ ಕಟ್ಟಿರಬೇಕು. ಅಕ್ಕ ಟಾರ್ಚ್ ಬಿಟ್ಟು ನೋಡಿದರು. ತಿರುಗಿಸಿ ನೋಡಿದರು. ಆಮೇಲೆ ತಮ್ಮನನ್ನು ನೋಡಿದರು.

"ಇದೇನೋ ಇದು, ಮದುವೆ ಹೆಣ್ಣಿನ ಥರ ಹೊಳೀತಿದೆ?"

"ಹೌದಾ?"

"ಯಾರು ಬಿಚ್ಚಿದ್ರು ಇದನ್ನ?"

"ಯಾರೂ ಇಲ್ಲಪ್ಪ. ತಾನಾಗೇ ಕ್ಲೀನ್ ಆಗಿರಬೇಕು. ಹೊಸ ಥರ ಡೀಸೆಲ್ ಬರ್ತಿದೆಯಂತೆ."

ಅಕ್ಕ ವಾಲ್ವನ್ನು ಮೂಗಿನ ಹತ್ತಿರ ತಂದು ಮೂಸಿದರು. "ಲವಂಗದ ವಾಸ್ನೆ ಬರ್ತಿದೆ."

ಈಗ ನಿಮಗೆ ಒಂದು ಗುಟ್ಟು ಹೇಳಲೇಬೇಕು.

"ಹೇಳಬೇಡ್ರೀ!" ಅಂದರು ಡಾಕ್ಟರು.

ಹೇಳುತ್ತೇನೆ. ಹಿಂದಿನ ವಾರ ಸಣ್ಣೋನು ಸ್ವಲ್ಪ ಹೊಗೆ ಹೆಚ್ಚು ಬಿಡುತ್ತಿದ್ದಾನೆ ಅಂತ ಡಾಕ್ಟರು ಫೋನ್ ಮಾಡಿದಾಗ ಅಕ್ಕ, "ಹುಟ್ಟಿದ್ದಕ್ಕೆ ಒಂದು ಸಲನಾದ್ರೂ ನೀನಾಗೇ ಬಾನೆಟ್ ಎತ್ತಿದೀಯೇನೋ?" ಅಂದಿದ್ದರು. ಅದು ನಾಟಿತು. ಭಾನುವಾರ ಡಾಕ್ಟರು ವೀಡಿಯೋ ನೋಡಿಕೊಂಡು ವಾಲ್ವ್ ಬಿಚ್ಚಿದರು. ಕ್ಲಿನಿಕ್ಕಿಗೆ ಒಯ್ದರು. ಪೇಷಂಟ್ ಕುರ್ಚಿಯ ಮೇಲೆ ಮಲಗಿಸಿ, ಮೇಲಿನ ದೀಪ ಹಾಕಿ, ಹಲ್ಲಿನ ಕಿಟ್ಟ ತೆಗೆಯುವ ಕೊಕ್ಕೆಯಿಂದ ಮೂರು ಗಂಟೆ ಮಸಿ ಕೆರೆದು, ಕೊನೆಗೆ ಕ್ಲಿನಿಕ್ಕಿನ ಲವಂಗದೆಣ್ಣೆ ಹಚ್ಚಿ ಪಾಲಿಶ್ ಮಾಡಿದರು. ಅದನ್ನು ವಾಪಸ್ ಜೋಡಿಸುವಾಗ ಇನ್ನೂ ಒಂದು ಸಣ್ಣ ಕೆಲಸ ಮಾಡಿದರಂತೆ. ಅದೇನೆಂದು ನನಗೂ ಬಾಯಿಬಿಟ್ಟಿಲ್ಲ, ಹೆಮ್ಮೆಯಿಂದ ಮುಗುಳ್ನಗುತ್ತಾರೆ ಅಷ್ಟೇ. ಮರುದಿನದಿಂದ ಹೊಗೆ ಮೂರು ಪಟ್ಟಾಯಿತು.

ಅದಾದ ಮೇಲೆ ಎರಡು ಸಲ ಫೇಲು. ಹೇಳಿದರೆ ಅಕ್ಕ ಇನ್ನೊಂದು ಡಬ್ಬಿಗೆ ಇನ್ನೊಂದು ಚೀಟಿ ಅಂಟಿಸುತ್ತಾರೆ ಎಂಬ ಭಯಕ್ಕೆ ಡಾಕ್ಟರು ಹೇಳಿಲ್ಲ. ದಿನಕ್ಕೆ ಇಪ್ಪತ್ತು ಜನಕ್ಕೆ "ಹಲ್ಲಿಗೆ ಪಿನ್ನು ಹಾಕಿ ಚುಚ್ಚಿಕೊಂಡಿದ್ರೆ ಮೊದಲೇ ಹೇಳಿಬಿಡಿ, ಮುಚ್ಚಿಡಬೇಡಿ" ಅಂತ ಉಪದೇಶ ಮಾಡುವವರು ಇವರೇ.

8

ಎರಡೂ ಇಪ್ಪತ್ತು. ವಾಲ್ವ್ ಮತ್ತೆ ಕೂತಿತು. ಎಂಜಿನ್ ಶುರುವಾಯಿತು. ಸಣ್ಣೋನು ಜ್ವರ ಬಂದವನ ಹಾಗೆ ಗಡಗಡ ನಡುಗಿ, ಗೋಡೆಯ ಮೇಲೆ ಒಂದು ಕಪ್ಪು ಮೋಡ ಬರೆದ.

ಇಲ್ಲಿ ಕಾರು ಸ್ಫೋಟವಾಗುವ ಒಂದು ಪ್ಯಾರಾ ನನ್ನ ಹತ್ತಿರ ತಯಾರಿದೆ. ಚೆನ್ನಾಗಿದೆ ಕೂಡ. ಅಕ್ಕ ಸ್ಪ್ಯಾನರ್ ಎತ್ತಿ ತೋರಿಸಿದರು. ಪ್ಯಾರಾವನ್ನು ಜೇಬಿಗೆ ಹಾಕಿಕೊಂಡೆ.

ಅಕ್ಕ ವಾಲ್ವಿನ ತಲೆಗೆ ಸಿಕ್ಕಿಸಿದ್ದ ತೆಳ್ಳನೆ ರಬ್ಬರ್ ಪೈಪನ್ನು ಎಳೆದು, ಪೈಪಿನ ಬಾಯಿಗೆ ಬೆರಳು ಒತ್ತಿ ಹಿಡಿದರು. ನಡುಕ ನಿಂತುಹೋಯಿತು. ಹೊಗೆಯೂ ನಿಂತಿತು. ಪೈಪು ಮತ್ತೆ ಸಿಕ್ಕಿಸಿದರು. ಮತ್ತೆ ಮೋಡ.

"ವಾಲ್ವಿಂದಲ್ಲ ತಪ್ಪು," ಅಂದರು. "ಈ ಪೈಪು ಗಾಳಿ ಎಳೆದ್ರೆ ಬಾಗಿಲು ತೆಗಿಯುತ್ತೆ, ಬಿಟ್ರೆ ಮುಚ್ಚುತ್ತೆ. ಇಲ್ಲಿ ಎಳೆದಿದ್ದು ಬಿಡ್ತಾನೇ ಇಲ್ಲ. ಎಲ್ಲೋ ಉಸಿರು ಕಟ್ಟಿದೆ."

ಪೈಪಿನ ಜಾಡು ಹಿಡಿದು ಬೆರಳು ಹೋಯಿತು. ಡಾಕ್ಟರ ಕಣ್ಣು ಬೆರಳಿನ ಹಿಂದೆ ಹೋಯಿತು. ಬ್ಯಾಟರಿಯ ಹಿಂದೆ, ಬೆಂಕಿಪೊಟ್ಟಣದಷ್ಟು ಒಂದು ಕಪ್ಪು ಪ್ಲಾಸ್ಟಿಕ್ ಪೆಟ್ಟಿಗೆ. ಪೈಪಿನ ಗಾಳಿಯನ್ನು ಆಳುವುದು ಅದೇ. ಅದರ ಮೂಲೆಯಲ್ಲಿ ಸಾಸಿವೆಯಷ್ಟು ತೂತು ಇರಬೇಕು, ಎಳೆದ ಗಾಳಿಯನ್ನು ಬಿಡುವುದಕ್ಕೆ. ಅಕ್ಕ ಟಾರ್ಚ್ ಬಿಟ್ಟರು.

ತೂತಿನ ಜಾಗದಲ್ಲಿ ಬೆಳ್ಳಗೆ, ದುಂಡಗೆ, ನುಣ್ಣಗೆ ಏನೋ ಮಿಂಚಿತು.

"ಇದೇನು ಬಿಳೀದು?"

ಡಾಕ್ಟರು ಗೋಡೆಯ ಕಡೆ ತಿರುಗಿಕೊಂಡು ಕಪ್ಪು ಮೋಡವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

9

ಅಕ್ಕ ದಬ್ಬಳದಿಂದ ಕೆರೆದರು. ಬರಲಿಲ್ಲ. ಕಾಯಿಸಿದ ಸೂಜಿಯಿಂದ ಚುಚ್ಚಿದರು, ಸೂಜಿಯ ಮೊನೆ ಬಾಗಿತು. ಹೊತ್ತು ಎರಡೂ ಐವತ್ತು.

"ಡ್ರಿಲ್ ಹಾಕ್ತೀನಿ. ಹೋದ್ರೆ ಹೋಗ್ಲಿ."

"ಒಡೆದುಹೋಗುತ್ತಲ್ವಾ ಪೆಟ್ಟಿಗೆ?"

"ಒಡೆದ್ರೆ ಮುಗೀತು. ಈ ಮಾಡೆಲ್ಲಿಗೆ ಬದಲಿ ಪೆಟ್ಟಿಗೆ ಎಲ್ಲೂ ಸಿಗಲ್ಲ. ಇನ್ನೇನ್ ಮಾಡ್ಲಿ ಹೇಳು? ಸುಮ್ನೆ ಕೂತ್ರೂ ಗುಜರಿ, ಒಡೆದ್ರೂ ಗುಜರಿ."

ಡ್ರಿಲ್ಲಿನ ವೈರು ಸಿಕ್ಕಿಸಿದ್ದಾಯಿತು. ನಾನು ಡಾಕ್ಟರ ಕಿವಿಯಲ್ಲಿ ಹೇಳಿದೆ: "ಸುಮ್ನಿದ್ದುಬಿಡಿ ಸಾರ್. ಪೆಟ್ಟಿಗೆ ಒಡೆಯುತ್ತೆ, ತಪ್ಪು ಡ್ರಿಲ್ಲಿನ ತಲೆ ಮೇಲೆ. ದುರಂತ ಆಗುತ್ತೆ, ನನಗೂ ಒಳ್ಳೇ ಹೆಸರು ಬರುತ್ತೆ."

"ನೀವೊಬ್ರು ಬಾಯಿ ಮುಚ್ಚಿ," ಅಂದರು ಡಾಕ್ಟರು. ಆಮೇಲೆ, ಜೋರಾಗಿ: "ಅಕ್ಕಾ, ನಿಲ್ಸು. ನಾನೇ ಮಾಡಿದ್ದು."

ಡ್ರಿಲ್ ನಿಂತಿತು.

"ತೂತು ಕಾಣಿಸ್ತು. ಹುಳುಕು ಅಂದ್ಕೊಂಡೆ. ಹಲ್ಲಿನ ಸಿಮೆಂಟು ತುಂಬಿಬಿಟ್ಟೆ."

ಅಕ್ಕ ಡ್ರಿಲ್ಲನ್ನು ಕೆಳಗಿಟ್ಟರು. ಮೊಲದ ಕಿವಿಗಳು ಅಲುಗಾಡಿದವು. ಮೊದಲು ಅಳು ಅಂದುಕೊಂಡೆ. ನಗು. ನಕ್ಕರೆ ಹಲ್ಲು ನೋಯುತ್ತದೆ, ನೋವಿಗೆ ಬೈಗುಳ ಬರುತ್ತದೆ, ಬೈದರೆ ಮತ್ತೆ ನಗು.

"ಅಯ್ಯೋ, ಅಯ್ಯಯ್ಯೋ... ಕಾರಿಗೆ ಹುಳುಕು ಬರುತ್ತೇನೋ ಕತ್ತೆ! ಉಸಿರಾಡೋ ತೂತು ಕಣೋ ಅದು! ಮೂಗಿಗೂ ತುಂಬಿಬಿಡ್ತೀಯೇನೋ ನೀನು?"

10

ಡಾಕ್ಟರು ಡ್ಯಾಶ್‌ಬೋರ್ಡಿನಿಂದ ಹಲ್ಲಿನ ಸಾಮಾನಿನ ಚರ್ಮದ ಚೀಲ ತಂದರು. ವಾಚು ಬಿಚ್ಚಿಟ್ಟರು. ಕನ್ನಡಕದ ಮೇಲೆ ಇನ್ನೊಂದು ಕನ್ನಡಕ ಏರಿಸಿದರು. ಬಾನೆಟ್ಟಿನೊಳಗೆ ಬಗ್ಗಿ ಅಭ್ಯಾಸಬಲದಿಂದ, "ನೋವಾದ್ರೆ ಕೈ ಎತ್ತಿ," ಅಂದರು ಸಣ್ಣೋನಿಗೆ.

ಅಕ್ಕ ಟಾರ್ಚ್ ಹಿಡಿದಿದ್ದರು. ತಮ್ಮನ ಕೈ ಕೆಲಸ ಮಾಡುವುದನ್ನು ಅವರು ಮೂವತ್ತು ವರ್ಷದಿಂದ ನೋಡಿಯೇ ಇರಲಿಲ್ಲ. ಅದು ಅವಸರ ಮಾಡಲಿಲ್ಲ. ಸಣ್ಣ ಕೊಕ್ಕೆಯ ತುದಿ ಬಿಳಿಯ ಅಂಚನ್ನು ಸುತ್ತು ಹಾಕಿತು, ಇನ್ನೊಂದು ಸುತ್ತು, ಮತ್ತೊಂದು ಸುತ್ತು. ಹನ್ನೊಂದು ನಿಮಿಷ. ಬಿಳಿಯ ಕಾಳು ಇಡಿಯಾಗಿ ಕೆಳಗೆ ಬಿತ್ತು. ತೂತಿನ ಅಂಚಿಗೆ ಒಂದು ಗೀರೂ ಆಗಿರಲಿಲ್ಲ.

ಎಂಜಿನ್ ಶುರುವಾಯಿತು. ಅಕ್ಕ ಹೊಗೆಕೊಳವೆಯ ಬಾಯಿಗೆ ಬಿಳಿ ಬಟ್ಟೆ ಹಿಡಿದರು. ಬಟ್ಟೆ ಬೂದಿ ಬಣ್ಣಕ್ಕೆ ತಿರುಗಿತು, ಕಪ್ಪಾಗಲಿಲ್ಲ.

ಅವರು ನೆಲದಿಂದ ಆ ಬಿಳಿ ಕಾಳನ್ನು ಹೆಕ್ಕಿ, ಉಗುರಿನಿಂದ ಒತ್ತಿ ನೋಡಿದರು.

"ನಾನು ಕೆರೆದ್ರೂ ಬರ್ಲಿಲ್ಲ ಇದು."

"ಹಲ್ಲಿಗೆ ತುಂಬಿದ್ರೆ ಹತ್ತು ವರ್ಷ ಬರಲ್ಲ."

"ಹ್ಞೂಂ," ಅಂದರು ಅಕ್ಕ. ಟವೆಲ್ಲಿನ ಗಂಟನ್ನು ಮುಟ್ಟಿಕೊಂಡರು. ಆಮೇಲೆ ಕೈ ತೊಳೆದು, ಗ್ಯಾರೇಜಿನ ಶಟರ್ ಎಳೆದು, ಸಣ್ಣೋನ ಮುಂದಿನ ಸೀಟಿನಲ್ಲಿ ಕೂತರು. "ನಿನ್ನ ಕ್ಲಿನಿಕ್ಕು ದಾರೀಲೇ ಅಲ್ವಾ?"

11

ಇಲ್ಲಿ ಮೂರು ಅಂತ್ಯಗಳಿವೆ.

ಮೊದಲನೆಯದರಲ್ಲಿ ಕಾರು ಪಾಸಾಗುತ್ತದೆ. (ಡಾಕ್ಟರು: "ಇದೇ ಇರಲಿ." ಅಕ್ಕ: "ಸಪ್ಪೆ.")

ಎರಡನೆಯದರಲ್ಲಿ ಇಬ್ಬರೂ ಕ್ಲಿನಿಕ್ಕಿಗೆ ಹೋಗುತ್ತಾರೆ, ಹಲ್ಲು ಉಳಿಯುತ್ತದೆ, ನಾಲ್ಕು ಗಂಟೆ ಕಳೆಯುತ್ತದೆ. ಕಾರು ಟ್ರಂಕಾಗುತ್ತದೆ. ಅದನ್ನು ಗ್ಯಾರೇಜಿನ ಮುಂದೆ ಇಟ್ಟುಕೊಂಡು ಅದರ ಮೇಲೆ ಕೂತು ಇಬ್ಬರೂ ಮಾತಾಡುತ್ತಾರೆ. (ಅಕ್ಕ: "ಟ್ರಂಕಿನ ಮೇಲೆ ಕೂತ್ರೆ ಸೊಂಟ ನೋಯುತ್ತೆ.")

ಮೂರನೆಯದರಲ್ಲಿ ಸೂರ್ಯಾಸ್ತವಿದೆ. ಅದನ್ನು ಓದಲು ಬಿಡಲಿಲ್ಲ.

12

ವೃತ್ತದ ಸಿಗ್ನಲ್. ಕೆಂಪು. ಮೂರೂ ಮೂವತ್ತೆಂಟು.

ಎಡಕ್ಕೆ ತಿರುಗಿದರೆ ಹೊಗೆ ಪರೀಕ್ಷೆ, ಹತ್ತು ನಿಮಿಷದ ದಾರಿ. ಬಲಕ್ಕೆ ಕ್ಲಿನಿಕ್ಕು, ಎರಡೇ ನಿಮಿಷ. ಆದರೆ ಹಲ್ಲಿಗೆ ಕಡಿಮೆಯೆಂದರೂ ಅರ್ಧ ಗಂಟೆ ಬೇಕು.

"ಮೊದ್ಲು ಎಡಕ್ಕೆ," ಅಂದರು ಡಾಕ್ಟರು. "ಹಲ್ಲು ಐದು ಗಂಟೆಗೂ ಇರುತ್ತೆ."

"ಹಲ್ಲು ಇರುತ್ತೆ. ನನ್ನ ಧೈರ್ಯ ಇರಲ್ಲ."

ಡಾಕ್ಟರು ಇಂಡಿಕೇಟರ್ ಎಡಕ್ಕೆ ಹಾಕಿದರು. ಅಕ್ಕನ ಮುಖ ನೋಡಿದರು. ಬಲಕ್ಕೆ ಹಾಕಿದರು. ಹಿಂದಿನ ಬಸ್ಸಿನವನು ಹಾರ್ನ್ ಒತ್ತಿಕೊಂಡೇ ಇದ್ದ.

"ಕಾರು ಹೋದ್ರೆ?" ಅಂದರು ಡಾಕ್ಟರು. "ಆಮೇಲೆ ನಾನು ಯಾಕೆ ಅಂತ ಬರ್ಲಿ ಗ್ಯಾರೇಜಿಗೆ?"

ಈ ಮಾತನ್ನು ನಾನು ನಾಲ್ಕನೇ ಭಾಗದಲ್ಲೇ ಬರೆದಿದ್ದೆ. ಅವರು ಅದನ್ನು ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು.

ಅಕ್ಕ ಕಿಟಕಿಯ ಆಚೆ ನೋಡುತ್ತಾ, "ಕೆಡೋಕೆ ನನಗಿನ್ನೂ ಇಪ್ಪತ್ತೆಂಟು ಹಲ್ಲಿದಾವೆ ಕಣೋ," ಅಂದರು.

ಹಿಂದಿನ ಸೀಟಿನಲ್ಲಿದ್ದ ನಾನು ಪೆನ್ನು ಎತ್ತಿದೆ. ಈಗ ಸಿಗ್ನಲ್ ಹಸಿರಾಗಬೇಕು, ಕಾರು ಯಾವ ಕಡೆಗೋ ತಿರುಗಬೇಕು, ಇಷ್ಟು ದೂರ ಬಂದ ನಿಮಗೂ ನ್ಯಾಯ ಸಿಗಬೇಕು. ಅಕ್ಕ ತಿರುಗಿ ನನ್ನನ್ನೇ ದುರುಗುಟ್ಟಿ ನೋಡಿದರು.

"ತೂತು ಕಂಡ ಕೂಡ್ಲೇ ತುಂಬೋದು ನಿಮಗೂ ರೋಗಾನಾ? ಇಳೀರಿ ಕೆಳಗೆ."

ಇಳಿದೆ. ಫುಟ್‌ಪಾತಿನ ಮೇಲೆ ನಿಂತು ಇದನ್ನು ಬರೆಯುತ್ತಿದ್ದೇನೆ. ಸಿಗ್ನಲ್ ಇನ್ನೂ ಕೆಂಪು. ಇಂಡಿಕೇಟರ್ ಈಗ ಎಡಕ್ಕೆ, ಅಲ್ಲ, ಬಲಕ್ಕೆ. ಒಳಗೆ ಇಬ್ಬರೂ ಕೈ ಬೀಸಿಕೊಂಡು ಮಾತಾಡುತ್ತಿದ್ದಾರೆ, ಗಾಜು ಏರಿಸಿರುವುದರಿಂದ ಒಂದೂ ಕೇಳಿಸುವುದಿಲ್ಲ. ಕ್ಲಚ್ಚಿನ ವಿಷಯ ಅಂತೂ ಅಲ್ಲ.

ಸಣ್ಣೋನು ಒಂದಿಷ್ಟೂ ನಡುಗದೆ ನಿಂತಿದ್ದಾನೆ.