ರಸ್ತೆಗೆ ಬೆನ್ನು ಹಾಕಿದ ತಂಗುದಾಣ

ಕೆರೆಕಟ್ಟೆಯ ಹಳೆಯ ಬಸ್ ತಂಗುದಾಣ ಕಟ್ಟಿದ ಪುಣ್ಯಾತ್ಮ ಮಳೆಗಾಲದಲ್ಲಿ ಈ ಕಡೆ ತಲೆಹಾಕಿದವನೇ ಅಲ್ಲ. ರಸ್ತೆ ಇರುವುದು ಪಶ್ಚಿಮಕ್ಕೆ, ಮಳೆ ಹೊಡೆಯುವುದೂ ಪಶ್ಚಿಮದಿಂದ. ಆತ ತಂಗುದಾಣದ ಬಾಯನ್ನು ನೇರ ಅಲ್ಲಿಗೇ ತೆರೆದಿಟ್ಟಿದ್ದ. ಎರಚಲು ಬಡಿಯದ ಮೂಲೆ ಅಂತ ಒಳಗಿದ್ದದ್ದು ಒಂದೇ. ಅಲ್ಲಿ ನಾಗಪ್ಪಗೌಡರಂಥ ತೋಟದವರು ಕೂರುತ್ತಿದ್ದರು, ಕೂಲಿಯವರು ಹೊರಗೆ ನಿಲ್ಲುತ್ತಿದ್ದರು. ಹೀಗೇ ಆಗಬೇಕೆಂದು ಯಾರೂ ಹೇಳಿರಲಿಲ್ಲ, ಆದರೂ ಹಾಗೇ ನಡೆದುಬಂದಿತ್ತು.

ಭೈರಮ್ಮ ಮೂವತ್ತು ವರ್ಷ ಹೊರಗೆ ನಿಂತವಳು. ಈಗ ಮಂಡಿ ಕೈಕೊಟ್ಟಿತ್ತು. ತೋಟದ ಕೆಲಸ ಮುಗಿಸಿ ಬಂದ ಮೇಲೆ, ಬಸ್ಸು ಬರುವವರೆಗೆ ನೆನೆಯದೆ ಕೂರಬೇಕು. ಅವಳ ಆಸೆ ಅಷ್ಟೇ.

ಹಳೆಯದನ್ನು ಕೆಡವಿ ಹೊಸದು ಕಟ್ಟುತ್ತಾರೆ ಎಂದಾಗ ಅವಳು ಆ ಕೆಲಸಕ್ಕೇ ಕೂಲಿಗೆ ಸೇರಿದಳು. ಕೊಪ್ಪದ ಆರ್ಕಿಟೆಕ್ಟ್ ಅರ್ಪಣಾ ಊರಿನ ಸಭೆ ಕರೆದು, ಎಲ್ಲರನ್ನೂ ಕೇಳಿಯೇ ನಕ್ಷೆ ಬರೆದಿದ್ದಳು. ಆದರೆ ಸಭೆಯಲ್ಲಿ ಬಾಯಿಬಿಟ್ಟವರೆಲ್ಲ ಆ ಒಣ ಮೂಲೆಯವರೇ! ಅವರಿಗೆ ಬೇಕಾಗಿದ್ದದ್ದು ಟೈಲ್ಸು, ಫ್ಯಾನು. ಭೈರಮ್ಮ ಬಾಗಿಲಲ್ಲಿ ನಿಂತು ಕೇಳಿಸಿಕೊಂಡು ವಾಪಸು ಬಂದಿದ್ದಳು.

ಮೇ ಕೊನೆಯಲ್ಲಿ ಮೇಸ್ತ್ರಿ ರಾಕೇಶ ಪಾಯಕ್ಕೆ ಗೂಟ ಹೊಡೆದು ದಾರ ಎಳೆದ. ನೋಡಿದರೆ ಬಾಯಿ ಮತ್ತೆ ರಸ್ತೆಗೇ! ಭೈರಮ್ಮನಿಗೆ ರೇಗಿಹೋಯಿತು. ಹೊತ್ತಿದ್ದ ಬುಟ್ಟಿ ಇಳಿಸಿ ಸೀದಾ ಹೋಗಿ ಗೂಟ ಕಿತ್ತಳು. ಒಂದಲ್ಲ, ನಾಲ್ಕನ್ನೂ.

“ಎಂತ ಮಾರಾಯ್ತಿ, ತಲೆ ಕೆಟ್ಟಿದ್ಯಾ?” ರಾಕೇಶ ಕೂಗಿದ. ಕೆಲಸ ನೋಡಲು ಬಂದಿದ್ದ ನಾಗಪ್ಪಗೌಡರೂ ಧಾವಿಸಿದರು.

ನಕ್ಷೆ ಹಿಡಿದು ಅಲ್ಲೇ ನಿಂತಿದ್ದ ಅರ್ಪಣಾ ಮಾತ್ರ ಮೆಲ್ಲಗೆ, “ಯಾಕೆ ಕಿತ್ತಿದ್ದು ಭೈರಮ್ಮಕ್ಕ?” ಎಂದಳು.

“ಇದ್ರ ಬೆನ್ನು ರಸ್ತೆಗಿರ್ಬೇಕು ಮೇಡಮ್. ನಕ್ಷೆ ಗಿಕ್ಷೆ ನಂಗೆ ಗೊತ್ತಿಲ್ಲ. ಮಳೆ ಎಲ್ಲಿಂದ ಹೊಡೀತದೆ ಅಂತ ನನ್ನ ಮೈಗೆ ಗೊತ್ತು.”

“ಹಂಗಾದ್ರೆ ಬಸ್ಸು ಬಂದಿದ್ದು ಕಾಣೋದು ಹ್ಯಾಂಗೆ?” ಗೌಡರು ನಕ್ಕರು.

“ಬಸ್ಸು ಬರೋ ತಿರುವಿನ ಕಡೆ ಗೋಡೇಲಿ ಒಂದು ಕಂಡಿ ಬಿಡಿ ಗೌಡ್ರೇ. ಕೂತಲ್ಲಿಂದ್ಲೇ ಕಾಣ್ತದೆ.”

ಅರ್ಪಣಾ ವಾದಕ್ಕೆ ನಿಲ್ಲಲಿಲ್ಲ. ಬಿದಿರಿನ ಗಳ ನೆಟ್ಟು ಟಾರ್ಪಾಲು ಕಟ್ಟಿಸಿ ಎರಡು ಮರೆ ಮಾಡಿಸಿದಳು. ಒಂದು ನಕ್ಷೆಯಂತೆ, ಇನ್ನೊಂದು ಭೈರಮ್ಮ ಹೇಳಿದಂತೆ. ಮಧ್ಯಾಹ್ನ ಮೂರಕ್ಕೆ ಮಳೆ ಶುರುವಾಯಿತು. ನಕ್ಷೆಯ ಮರೆಯಲ್ಲಿ ನಿಂತಿದ್ದ ಅರ್ಪಣಾ, ರಾಕೇಶ, ಗೌಡರು ಐದೇ ನಿಮಿಷಕ್ಕೆ ತೊಯ್ದು ತೊಪ್ಪೆಯಾದರು. ಆಚೆ ಭೈರಮ್ಮ ಎಲೆಗೆ ಸುಣ್ಣ ಸವರುತ್ತಾ ಬೆಚ್ಚಗೆ ಕೂತಿದ್ದಳು.

ಮಳೆ ನಿಂತ ಮೇಲೆ ಅರ್ಪಣಾ ಒದ್ದೆ ನಕ್ಷೆಯನ್ನು ಮಡಚಿ ಚೀಲಕ್ಕೆ ತುರುಕಿದಳು. ರಾಕೇಶನ ಕೈಯಿಂದ ಸುತ್ತಿಗೆ ಇಸಿದುಕೊಂಡು ಭೈರಮ್ಮನಿಗೆ ಕೊಟ್ಟಳು. “ಗೂಟ ನೀವೇ ಹೊಡೀರಿ.”

ಹೊಡೆದಳು. ಅಂಥ ಖುಷಿ ಅವಳ ಜನ್ಮದಲ್ಲಿ ಇನ್ನೊಂದಿರಲಿಲ್ಲ.

ತಂಗುದಾಣ ಮುಗಿದದ್ದು ಆಷಾಢದ ಜಡಿಮಳೆಯಲ್ಲಿ. ಮೊದಲ ಸಂಜೆ ಕೂಲಿಯ ಹೆಂಗಸರು ಅಭ್ಯಾಸಬಲದಿಂದ ಸೂರಿನ ಹೊರಗೇ ನಿಂತರು. ಭೈರಮ್ಮ ಒಳಗೆ ಹೋಗಿ ಉದ್ದನೆಯ ಕಲ್ಲುಬೆಂಚಿನ ನಟ್ಟನಡುವೆ ಕೂತಳು. “ಎಂತ ನೋಡ್ತೀರಿ? ಬನ್ನಿ!” ಒಬ್ಬೊಬ್ಬರಾಗಿ ಎಲ್ಲರೂ ಬಂದು ಕೂತರು.

ಅಷ್ಟರಲ್ಲಿ ನಾಗಪ್ಪಗೌಡರು ಕೊಡೆ ಮಡಚುತ್ತಾ ಒಳಗೆ ಬಂದವರು ತಮ್ಮ ಮೂಲೆಗಾಗಿ ಕಣ್ಣಾಡಿಸಿದರು. ಬೆಂಚು ಈ ತುದಿಯಿಂದ ಆ ತುದಿಯವರೆಗೆ ಒಣಗಿಯೇ ಇತ್ತು. ಭೈರಮ್ಮ ಸ್ವಲ್ಪ ಸರಿದಳು.

“ಬನ್ನಿ ಗೌಡ್ರೇ, ಇಲ್ಲೇ ಕೂರಿ. ಎಲ್ಲಿ ಕೂತ್ರೂ ಎರಚಲು ಬಡಿಯಲ್ಲ.”

ಗೌಡರು ಬೆಂಚಿನ ಮೇಲೆ ಕೈಯಾಡಿಸಿ ನೋಡಿದರು. ಆಮೇಲೆ ಪಂಚೆ ಸರಿಮಾಡಿಕೊಂಡು ಅವಳ ಪಕ್ಕದಲ್ಲೇ ಕೂತರು.

ಕಂಡಿಯಲ್ಲಿ ಬಸ್ಸಿನ ದೀಪ ಕಾಣಿಸಿತು. ಎಲ್ಲರೂ ಎದ್ದರು. ಭೈರಮ್ಮ ಮಾತ್ರ ಬಸ್ಸು ಬಂದು ನಿಲ್ಲುವವರೆಗೂ ಆರಾಮಾಗಿ ಕೂತೇ ಇದ್ದಳು.