ಲಾಂಡ್ರಿ ನಟರಾಜನ ಹಡಗು

ಹಡಗನ್ನು ಮರಳಿಗೆ ಹತ್ತಿಸುವ ದಿನ ಅದರಲ್ಲಿ ಅಡಿಗೆ ಮಾಡಿದವನು ನಂಜನಗೂಡು ಬಳಿಯ ಕಳಲೆಯ ನಟರಾಜ. ನಿಜವಾಗಿ ಅವನ ಕೆಲಸ ಅಡಿಗೆಯಲ್ಲ, ಲಾಂಡ್ರಿ. ಇಪ್ಪತ್ತು ವರ್ಷಕ್ಕೂ ಮೇಲೆ ಆ ಪ್ರವಾಸಿ ಹಡಗಿನ ತಳದಲ್ಲಿ, ಕಿಟಕಿಯೇ ಇಲ್ಲದ ಕೋಣೆಯಲ್ಲಿ, ಹಾಸು ಹೊದಿಕೆ, ಟವೆಲು, ಮೇಜಿನ ಬಟ್ಟೆಗಳನ್ನು ಒಗೆದು ಇಸ್ತ್ರಿ ಮಾಡಿದ್ದ. ಕೊನೆಯ ಪಯಣದಲ್ಲಿ ಒಗೆಯಲು ಏನೂ ಇರಲಿಲ್ಲ. ಪ್ರಯಾಣಿಕರಿರಲಿಲ್ಲ. ಹಡಗನ್ನು ಗುಜರಾತಿನ ಅಲಂಗ್ ತೀರಕ್ಕೆ ತಲುಪಿಸಲು ಬೇಕಾದಷ್ಟೇ ಜನ ಇದ್ದರು. ಅವರಿಗೆಲ್ಲ ಅನ್ನ, ಬೇಳೆಸಾರು ಮಾಡಿಟ್ಟು ಅವನು ಮೇಲಿನ ಡೆಕ್ಕಿಗೆ ಬಂದು ನಿಂತ.

ಹುಣ್ಣಿಮೆಯ ಉಬ್ಬರ ಬಂದಿತ್ತು. ನೀರು ತುಂಬಿದ ಹೊತ್ತಿಗೆ ಹಡಗನ್ನು ಪೂರಾ ವೇಗದಲ್ಲಿ ದಡಕ್ಕೆ ಓಡಿಸಿ ಮರಳಲ್ಲಿ ಹೂಳಿಬಿಡಬೇಕು, ಆಮೇಲೆ ಅಲ್ಲೇ ಕತ್ತರಿಸಬೇಕು. ಅದೇ ಅಲ್ಲಿಯ ಪದ್ಧತಿ. ಎಡಕ್ಕೂ ಬಲಕ್ಕೂ ಅರ್ಧ ಕತ್ತರಿಸಿದ ಹಡಗುಗಳು ಹೊಟ್ಟೆ ಬಿಚ್ಚಿಕೊಂಡು ನಿಂತಿದ್ದವು. ತಳದಲ್ಲಿ ಮರಳು ಉಜ್ಜಿದ ಸದ್ದು ಬಂತು. ಹಡಗು ಒಮ್ಮೆ ಮುಗ್ಗರಿಸಿ, ಮತ್ತಷ್ಟು ದೂರ ಜಾರಿ, ನಿಂತಿತು. ಇಂಜಿನ್ನು ಆರಿಸಿದರು. ಯಾರೂ ಕೈ ತಟ್ಟಲಿಲ್ಲ. ಕ್ಯಾಪ್ಟನ್ ಬಂದು ಎಲ್ಲರ ಕೈ ಕುಲುಕಿ, "ಊಟ ಮಾಡಿ ಇಳಿಯೋಣ" ಅಂದ. ನಟರಾಜ ಕೆಳಗೆ ಹೋಗಿ ತಟ್ಟೆ ಹಾಕಿದ.

ಆ ಹಡಗು ಹುಟ್ಟಿದ್ದು ಫಿನ್‌ಲ್ಯಾಂಡಿನ ಒಂದು ಹಡಗುಕಟ್ಟೆಯಲ್ಲಿ. ಆಗ ಅದರ ಹೆಸರು 'ನಾರ್ಡಿಕ್ ಅನೆಮೋನ್'. ಯುರೋಪಿನ ಹಣವಂತ ಮುದುಕ ಮುದುಕಿಯರನ್ನು ನಾರ್ವೆಯ ಹಿಮಬೆಟ್ಟಗಳ ನಡುವೆ ತಿರುಗಿಸುತ್ತಿತ್ತು. ಮೈಸೂರಿನ ಹೋಟೆಲೊಂದರಲ್ಲಿ ಬಟ್ಟೆ ಒಗೆಯುತ್ತಿದ್ದ ನಟರಾಜ ಮುಂಬೈ ಏಜೆಂಟನ ಮೂಲಕ ಅದನ್ನು ಸೇರಿದಾಗ ಹಿತ್ತಾಳೆಯ ಕಂಬಿಗಳನ್ನು ದಿನಾ ಉಜ್ಜುತ್ತಿದ್ದರು. ಕೆಲವು ವರ್ಷಗಳಾದ ಮೇಲೆ ಹಡಗು ಬೇರೆ ಕಂಪನಿಯ ಪಾಲಾಯಿತು. ಹೊಸ ಬಣ್ಣ ಬಂತು, 'ಐಲ್ಯಾಂಡ್ ಕಾರ್ನೆಟ್' ಎಂಬ ಹೊಸ ಹೆಸರು ಬಂತು. ಈಜುಕೊಳದ ಪಕ್ಕ ಜಾರುಬಂಡೆ ಎದ್ದಿತು. ಮಕ್ಕಳು ಮರಿ ಕಟ್ಟಿಕೊಂಡ ಸಂಸಾರಗಳು ವಾರಕ್ಕೊಂದು ಹಿಂಡು ಬಂದು ಹೋದವು. ಟವೆಲುಗಳು ಎರಡರಷ್ಟಾದವು, ಒಗೆಯುವವರು ಅಷ್ಟೇ ಉಳಿದರು. ಮೂರನೆಯ ಮಾಲೀಕರು ಅದನ್ನು 'ಈಸ್ಟರ್ನ್ ಕ್ಯಾರವಾನ್' ಅಂದರು. ಸಿಂಗಪುರದಿಂದ ಹೊರಟು, ನಡುಗಡಲಲ್ಲಿ ಸುತ್ತಿ, ಜೂಜಾಡಿಸಿ ವಾಪಸು ತರುವುದೇ ಕೆಲಸ. ಆ ಗಿರಾಕಿಗಳು ಕಡಲಿನ ಕಡೆ ತಲೆ ಎತ್ತಿ ನೋಡಿದರೆಂದು ನಟರಾಜ ಯಾರ ಬಾಯಲ್ಲೂ ಕೇಳಲಿಲ್ಲ. ಅವನೂ ನೋಡುತ್ತಿದ್ದದ್ದು ಅಪರೂಪ. ಕೆಲಸ ಮುಗಿದಾಗ ಮೆಟ್ಟಿಲು ಹತ್ತುವ ಶಕ್ತಿ ಇರುತ್ತಿರಲಿಲ್ಲ.

ಆಮೇಲೆ ಕೊರೊನಾ ಬಂತು. ಪ್ರಯಾಣಿಕರನ್ನು ಇಳಿಸಿದ ಹಡಗು ತಿಂಗಳುಗಟ್ಟಲೆ ಲಂಗರು ಹಾಕಿ ನಿಂತಿತು. ಯಾವ ಬಂದರೂ ಕೆಲಸಗಾರರನ್ನು ಇಳಿಯಗೊಡಲಿಲ್ಲ. ಆ ದಿನಗಳಲ್ಲೇ ಕಳಲೆಯಲ್ಲಿ ನಟರಾಜನ ಅಪ್ಪ ದೊಡ್ಡಮಾದಯ್ಯ ತೀರಿಕೊಂಡ. ಹೆಂಡತಿ ರಂಜಿನಿ ಫೋನಿನಲ್ಲಿ ಗುಂಡಿ ತೋರಿಸಿದಳು, ಮಣ್ಣು ಹಾಕುತ್ತಿದ್ದವರನ್ನು ತೋರಿಸಿದಳು. ನಡುವೆ ಸಿಗ್ನಲ್ ಕಡಿದುಹೋಯಿತು. ಕೊನೆಗೆ ಕಂಪನಿ ಹಡಗನ್ನು ಗುಜರಿಗೆ ಮಾರಿತು. ಹಡಗಿನ ಮೂತಿಯ ಮೇಲಿದ್ದ ಹೆಸರಿನ ಹಿಂದುಮುಂದಕ್ಕೆ ಬಿಳಿ ಬಣ್ಣ ಬಳಿದು 'ಕ್ಯಾರ' ಅಂತಷ್ಟೇ ಉಳಿಸಿ, ಆ ಹೆಸರಿನಲ್ಲೇ ಅಲಂಗಿಗೆ ಕಳಿಸಿದರು.

ಅಲಂಗಿನಿಂದ ನಟರಾಜ ಊರಿಗೆ ಬಂದ. ಬಾಗಿಲಲ್ಲಿ ಅವ್ವ ಮಂಚಮ್ಮ ಅವನ ಮುಖ ನೀವಿ ಕೇಳಿದ ಮೊದಲ ಮಾತು, "ಮತ್ಯಾವಾಗ ಓಯ್ತೀಯ ಮಗಾ?"

ಅಷ್ಟು ವರ್ಷಗಳಿಂದ ರಜೆಗೆ ಬಂದಾಗಲೆಲ್ಲ ಕೇಳುತ್ತಿದ್ದ ಮಾತು. ಚೀಲ ಕೆಳಗಿಟ್ಟು, ಬುದ್ಧನ ಪಟದ ಪಕ್ಕ ಹೊಸದಾಗಿ ತೂಗುಹಾಕಿದ್ದ ಅಪ್ಪನ ಫೋಟೋ ನೋಡುತ್ತಾ ಕೂತ.

ರಂಜಿನಿ ನಂಜನಗೂಡಿನ ಕೈಗಾರಿಕಾ ಪ್ರದೇಶದ ಗಾರ್ಮೆಂಟ್ಸಿನಲ್ಲಿ ಕೆಲಸಕ್ಕಿದ್ದಳು. ಬೆಳಿಗ್ಗೆ ಕಂಪನಿ ವ್ಯಾನು ಹತ್ತಿದರೆ ಸಂಜೆಗೆ ಬರುವಳು. ಅವಳಿಲ್ಲದ ಹೊತ್ತಿನಲ್ಲಿ ನಟರಾಜ ಮನೆಯ ಬಟ್ಟೆಗಳನ್ನೆಲ್ಲ ಒಗೆದು ಹಾಕುತ್ತಿದ್ದ. ಬೇರೇನು ಮಾಡಬೇಕೆಂದು ತೋಚುತ್ತಿರಲಿಲ್ಲ. ಹೀಗೇ ಕೆಲವು ವಾರ ಕಳೆದ ಮೇಲೆ ಮುಂಬೈ ಏಜೆಂಟನ ಫೋನು ಬಂತು. ಹೊಸ ಹಡಗು, ಹಳೆಯದರ ಎರಡರಷ್ಟು ದೊಡ್ಡದು, ಅನುಭವಸ್ಥರು ಬೇಕು. ಆ ಸಂಜೆ ರಾಗಿಮುದ್ದೆ ಕಟ್ಟುತ್ತಿದ್ದ ರಂಜಿನಿಗೆ ಅದನ್ನು ಹೇಳಿದ.

ಅವಳು ತಿರುಗಿ ನೋಡಲಿಲ್ಲ. "ಓಗೋದಾದ್ರೆ ಓಗಿ. ನಾನೇನ್ ಅಡ್ಡ ನಿಂತ್ಕಳಕಿಲ್ಲ."

"ಓಯ್ತೀನಿ ಅಂತ ನಾನೆಲ್ಲಂದೆ?"

"ಇರ್ತೀನಿ ಅಂತಾನೂ ಅಂದಿಲ್ವಲ್ಲ. ನಿಮ್ಮಪ್ಪನ ಮಣ್ಣು ಮಾಡ್ಸಿದ್ದು ನಾನು. ನಿಮ್ಮವ್ವಂಗೆ ಕಣ್ಣಾಪ್ರೇಸನ್ ಮಾಡ್ಸಿದ್ದು ನಾನು. ಅದ್ಕೆಲ್ಲ ಬೇಜಾರಿಲ್ಲ. ಈ ಬತ್ತೀನಿ, ಓಯ್ತೀನಿ ಅನ್ನೋದು ಸಾಕಾಗೋಗದೆ ಕಣ್ರೀ. ಒಂದ್ ಯೋಳಿ. ಯಾವ್ದಾದ್ರೂ ಸರಿ."

ಅವನು ಏಜೆಂಟನಿಗೆ ಹೂಂ ಅನ್ನಲೂ ಇಲ್ಲ, ಊಹೂಂ ಅನ್ನಲೂ ಇಲ್ಲ.

ಅಷ್ಟರಲ್ಲಿ ನಂಜನಗೂಡಿನ ಅಮೃತೇಶ್ ಅವನನ್ನು ಕರೆಸಿದ. ಅಮೃತೇಶನದು ತಲೆಮಾರಿನಿಂದ ಬಂದ ಹಾರ್ಡ್‌ವೇರ್ ವ್ಯಾಪಾರ. ಈಗ ದೇವಸ್ಥಾನಕ್ಕೆ ಬರುವವರಿಗಾಗಿ ಒಂದು ಲಾಡ್ಜು ಕಟ್ಟಿಸುತ್ತಿದ್ದ. ಅಲಂಗಿನ ರಸ್ತೆಬದಿಯಲ್ಲಿ ಹಡಗಿನ ಸಾಮಾನು ಅಗ್ಗಕ್ಕೆ ಸಿಗುತ್ತದೆಂದು ಯಾರೋ ಅವನಿಗೆ ಹೇಳಿದ್ದರು.

"ನೀನು ಹಡಗಲ್ಲೇ ಇದ್ದವನು, ಒಳ್ಳೇದು ಕೆಟ್ಟದ್ದು ಗೊತ್ತಿರತ್ತೆ. ಜೊತೇಲಿ ಬಾರಯ್ಯ," ಅಂದ ಅಮೃತೇಶ್. "ಲಾಡ್ಜು ಶುರುವಾದ್ಮೇಲೆ ಬಟ್ಟೆಬರೆ ಉಸ್ತುವಾರಿನೂ ನೀನೇ ನೋಡ್ಕೊ."

ಇಬ್ಬರೂ ರೈಲಿನಲ್ಲಿ ಹೋದರು. ಅಲಂಗಿನ ಹಾದಿಯ ಇಕ್ಕೆಲದಲ್ಲೂ ಮೈಲುದ್ದ ಅಂಗಡಿಗಳು. ಒಂದರಲ್ಲಿ ಬರೀ ಸಿಂಕುಗಳು, ಇನ್ನೊಂದರಲ್ಲಿ ಜೀವರಕ್ಷಕ ಜಾಕೀಟುಗಳ ಗುಡ್ಡ, ಮತ್ತೊಂದರಲ್ಲಿ ಪಿಂಗಾಣಿ. ಧೂಳು, ಬಿಸಿಲು. ಒಂದು ಶೆಡ್ಡಿನ ಮುಂದೆ ನಟರಾಜ ನಿಂತುಬಿಟ್ಟ. ಕೆಂಪು ಮೆತ್ತೆಯ ಕುರ್ಚಿಗಳು ಒಂದರ ಮೇಲೊಂದು ಕೂತಿದ್ದವು. ಅವನ ಹಡಗಿನ ದೊಡ್ಡ ಊಟದ ಕೋಣೆಯವು. ಆ ಕುರ್ಚಿಗಳಲ್ಲಿ ಕೆಲಸದವರು ಕೂರುವಂತಿರಲಿಲ್ಲ.

"ಕೂತ್ಕೊಳೋ, ಗಟ್ಟಿ ಇದಾವಾ ನೋಡು," ಅಂದ ಅಮೃತೇಶ್.

ನಟರಾಜ ಕೂತ. ಏನೋ ಅನ್ನಿಸಬಹುದೆಂದು ಕಾದ. ಕಾಲು ನೋಯುತ್ತಿತ್ತು, ಅಷ್ಟೇ. "ಗಟ್ಟಿ ಅವೆ ಸಾ," ಅಂದು ಎದ್ದ.

ಕುರ್ಚಿ, ಕನ್ನಡಿ, ತಟ್ಟೆಗಳನ್ನು ಆರಿಸುವುದಾಯಿತು. ಶೆಡ್ಡಿನ ಹಿಂದೆ ಕಬ್ಬಿಣದ ಎರಡಂತಸ್ತಿನ ಮಂಚಗಳು ಬಿದ್ದಿದ್ದವು, ಹಡಗಿನ ತಳದ ಕೋಣೆಗಳಲ್ಲಿ ಕೆಲಸದವರು ಮಲಗುತ್ತಿದ್ದ ಮಂಚಗಳು. ತನ್ನದು ಯಾವುದೆಂದು ನಟರಾಜ ಕಣ್ಣಲ್ಲೇ ಹುಡುಕಿದ. ಗೊತ್ತಾಗಲಿಲ್ಲ. ಎಲ್ಲವೂ ಒಂದೇ ಥರ ಇದ್ದವು.

ಅಮೃತೇಶ್ ಒಂದನ್ನು ಅಲ್ಲಾಡಿಸಿ ನೋಡಿದ. "ಭಾರಿ ಸ್ಟ್ರಾಂಗು. ಇವನ್ನೂ ತಗೊಂಡ್ಬಿಡೋಣ."

"ಬ್ಯಾಡಿ ಸಾ. ಬಂದೋರು ಮಲಗಕಿಲ್ಲ ಇದ್ರಲ್ಲಿ."

"ಗಿರಾಕಿಗಲ್ಲ ಕಣೋ. ಕೆಲಸದೋರ ರೂಮಿಗೆ. ಲಾಡ್ಜು ಅಂದ್ಮೇಲೆ ರಾತ್ರಿ ಹಗಲು ಜನ ಇರ್ಬೇಕಲ್ಲ. ಒಡಿಶಾದಿಂದ ಹುಡುಗರು ಬರ್ತಾರೆ, ನೀನೂ ಅಲ್ಲೇ ಇರು. ಊಟ ವಸತಿ ಎಲ್ಲಾ ಅಲ್ಲೇ."

ನಟರಾಜ ಹೋಗಿ ಕೆಳಗಿನ ಮಂಚದಲ್ಲಿ ಕೂತು ತೋರಿಸಿದ. ಬೆನ್ನು ನೇರ ಮಾಡಲಾಗದೆ ಕತ್ತು ಮುಂದಕ್ಕೆ ಬಾಗಿತು. ಮೇಲಿನ ಹಲಗೆ ತಲೆಗೆ ತಗಲುತ್ತಿತ್ತು.

"ಇದ್ರಲ್ಲಿ ಎದ್ದು ಕೂತ್ಕಳಕಾಗಕಿಲ್ಲ ಸಾ. ಇಷ್ಟ್ ವರ್ಸ ಇಂಗೇ ಇದ್ದೆ. ಫೋನಲ್ಲಿ ಅಪ್ಪನ ಮಣ್ಣು ನೋಡಿದ್ದೂ ಇಂಗೇ ಕೂತ್ಕಂಡು."

ಅಮೃತೇಶ್ ಮುಖ ಪಕ್ಕಕ್ಕೆ ತಿರುಗಿಸಿದ. "ಅದು ಸರಿ. ಆದ್ರೆ ಇಷ್ಟು ಅಗ್ಗಕ್ಕೆ ಊರಲ್ಲಿ ಸಿಗಲ್ವಲ್ಲಯ್ಯ."

"ತಗಳಿ. ನಿಮ್ ಲಾಡ್ಜು, ನಿಮ್ ಇಷ್ಟ. ಮೇಲಿನ್ ಮಂಚ ಕುಯ್ಸಾಕಿ, ಒಂದೊಂದೇ ಮಾಡ್ಸಿ. ನಾನು ಕೆಲ್ಸಕ್ಕೆ ಬತ್ತೀನಿ. ಆದ್ರೆ ಸಂಜೆ ಮನೆಗೋಯ್ತೀನಿ. ಅದಾಗಕಿಲ್ಲ ಅಂದ್ರೆ ಇವತ್ತೇ ಯೋಳ್ಬುಡಿ."

ಅಷ್ಟು ಗಟ್ಟಿಯಾಗಿ ಅವನು ಯಾವ ಮಾಲೀಕನ ಮುಂದೆಯೂ ಮಾತಾಡಿರಲಿಲ್ಲ. ಹೇಳಿದ ಮೇಲೆ ಧೈರ್ಯವೇನೂ ಬರಲಿಲ್ಲ, ಸುಸ್ತೇ ಹೆಚ್ಚಾಯಿತು. ಅಮೃತೇಶ್ ಅಂಗಡಿಯವನೊಂದಿಗೆ ಹಿಂದಿಯಲ್ಲಿ ಚೌಕಾಸಿಗಿಳಿದ. ವಾಪಸು ಬರುವಾಗ ರೈಲು ಅರಸೀಕೆರೆ ದಾಟಿದ ಮೇಲೆ, "ಆಯ್ತು, ಸಂಜೆ ಹೋಗು. ಆದ್ರೆ ಶಿವರಾತ್ರಿ, ಜಾತ್ರೆ ಟೈಮಲ್ಲಿ ಮಾತ್ರ ಕೇಳ್ಬೇಡ," ಅಂದ. ನಟರಾಜ ತಲೆಯಾಡಿಸಿದ.

ಮನೆಗೆ ಬಂದವನೇ ಏಜೆಂಟನಿಗೆ ಫೋನು ಮಾಡಿ ಬರುವುದಿಲ್ಲವೆಂದ. ಏಜೆಂಟ ಕಾರಣ ಕೇಳಲಿಲ್ಲ. ಆ ಕೆಲಸಕ್ಕೆ ಬೇರೆ ಜನ ಬೇಕಾದಷ್ಟಿದ್ದರು. ಅಕ್ಕಿ ಆರಿಸುತ್ತಿದ್ದ ರಂಜಿನಿ ಪಕ್ಕದಲ್ಲೇ ಇದ್ದಳು.

"ಬುಟ್ಬುಟ್ರಾ?" ಅಂದಳು.

"ಬುಟ್ಟೆ."

"ಆಮೇಲೆ ನನ್ನಿಂದ ಅನ್ಬ್ಯಾಡಿ."

"ಇಲ್ಲ ಕಣಮ್ಮಿ. ನಂಗೇ ಸಾಕಾಯ್ತು."

ಅವಳು ಮೊರ ಪಕ್ಕಕ್ಕಿಟ್ಟಳು. ಎದ್ದು ಅವನ ಸ್ನಾನಕ್ಕೆ ನೀರು ಕಾಯಲಿಟ್ಟಳು.

ಲಾಡ್ಜು ಶುರುವಾಯಿತು. ಮಂಚಗಳನ್ನು ಕುಯ್ಯಿಸಿದ್ದು ಅರ್ಧ ಮಾತ್ರ. ಉಳಿದವನ್ನು ಅಮೃತೇಶ್ ಹಾಗೇ ಹಾಕಿಸಿದ. ನಟರಾಜ ಆಗಾಗ ನೆನಪಿಸುತ್ತಿದ್ದ, "ಈ ತಿಂಗಳು ಮಾಡ್ಸೋಣ" ಎಂಬ ಉತ್ತರ ಬರುತ್ತಿತ್ತು. ಇಲ್ಲಿ ಲಾಂಡ್ರಿ ಇದ್ದದ್ದು ತಾರಸಿಯ ಮೇಲೆ. ಒಗೆದ ಹೊದಿಕೆಗಳನ್ನು ಹಗ್ಗಕ್ಕೆ ಹಾಕುವಾಗ ಒಂದು ಕಡೆ ಗೋಪುರ, ಇನ್ನೊಂದು ಕಡೆ ಕಪಿಲೆ ಹೊಳೆ ಕಾಣುತ್ತಿದ್ದವು. ಬಿಸಿಲಲ್ಲಿ ಬಟ್ಟೆ ಒಣಗುವುದನ್ನು ಅವನು ಎಷ್ಟೋ ವರ್ಷಗಳ ಮೇಲೆ ನೋಡುತ್ತಿದ್ದ. ಕೆಲಸ ಕಡಿಮೆಯೇನಿರಲಿಲ್ಲ. ದೇವಸ್ಥಾನಕ್ಕೆ ಜನ ಹೆಚ್ಚು ಬರುವ ಸೋಮವಾರಗಳಲ್ಲಿ ಸೊಂಟ ಹಿಡಿದುಕೊಳ್ಳುತ್ತಿತ್ತು.

ಅಂಥದೊಂದು ಸೋಮವಾರ ಸಂಜೆ ಕಳಲೆ ಬಸ್ಸು ಹತ್ತಿ ಕೂತವನಿಗೆ ಹಾಗೇ ಜೋಂಪು ಹತ್ತಿತು. ಕಂಡಕ್ಟರ್ ಭುಜ ಅಲ್ಲಾಡಿಸಿ, "ಯಜಮಾನ್ರೇ, ಕಳಲೆ ಆಗ್ಲೇ ಓಯ್ತು, ಇಳೀರಿ," ಅಂದಾಗ ಬಸ್ಸು ಎರಡು ಊರು ದಾಟಿತ್ತು. ಇಳಿದು ಹೊಂಗೆಮರದ ಕೆಳಗೆ ನಿಂತು ರಂಜಿನಿಗೆ ಫೋನು ಮಾಡಿದ.

"ಎಲ್ಲಿದ್ದೀರಿ?"

"ಮುಂದಕ್ಕೆ ಬಂದ್ಬುಟ್ಟಿವ್ನಿ. ನಿದ್ದೆ ಬಂದ್ಬುಡ್ತು."

ಆ ಕಡೆ ಅವಳು ನಕ್ಕಳು. "ಅಲ್ಲೇ ಇರಿ. ಪಕ್ಕದ್ಮನೆ ಸ್ಕೂಟರ್ ಈಸ್ಕಂಡು ಬತ್ತೀನಿ."

ಅವನು ಕಲ್ಲಿನ ಮೇಲೆ ಕೂತ. ಗದ್ದೆಯಲ್ಲಿ ನೀರು ಹರಿಯುವ ಸದ್ದಿತ್ತು, ಕೊಕ್ಕರೆಗಳು ಇಳಿಯುತ್ತಿದ್ದವು. ರಂಜಿನಿ ಬಂದು ಸ್ಕೂಟರ್ ತಿರುಗಿಸಿ ನಿಲ್ಲಿಸಿದಳು. ಅವನು ಹಿಂದೆ ಹತ್ತಿದ.

"ಗಟ್ಟಿಯಾಗಿ ಇಡ್ಕಳಿ, ಮತ್ತೆ ನಿದ್ದೆ ಮಾಡೀರಿ," ಅಂದು ಅವಳು ಗಾಡಿ ಬಿಟ್ಟಳು.