ಗೌರಿ ಬಾಗಿನಕ್ಕೊಂದು ಕೂಪನ್

ಮದುವೆಯಾಗಿ ಹನ್ನೊಂದು ವರ್ಷದಲ್ಲಿ ನಮ್ಮ ಯಜಮಾನರು ಪೂರ್ತಿ ಬೆಲೆ ಕೊಟ್ಟು ತಂದ ವಸ್ತು ಎಂದರೆ ನನ್ನ ತಾಳಿ ಒಂದೇ ಎಂದುಕೊಂಡಿದ್ದೆ. ಅದನ್ನೂ ಅವರಪ್ಪ ತಂದಿದ್ದರಂತೆ, ಆಮೇಲೆ ಗೊತ್ತಾಯಿತು.

ನೆಲಮಂಗಲದ ನಮ್ಮ ಮನೆಯಲ್ಲಿ ಫ್ರಿಜ್ಜಿನ ಬಾಗಿಲಿನ ಬಣ್ಣ ಯಾವುದೆಂದು ಮರೆತೇಹೋಗಿದೆ, ಅದರ ತುಂಬ ಪೇಪರಿನಿಂದ ಕತ್ತರಿಸಿ ಅಂಟಿಸಿದ ಕೂಪನ್‌ಗಳು. ಮೊಬೈಲಿನಲ್ಲಿರುವವು ಬೇರೆ. ಮೂರು ಕೊಂಡರೆ ಮೂರು ಉಚಿತ ಎಂದು ತಂದ ಫಿನಾಯಿಲ್ ಎರಡು ವರ್ಷದಿಂದ ಮಂಚದ ಕೆಳಗೆ ಕೂತಿದೆ. ಮದುವೆಯ ಹತ್ತನೇ ವರ್ಷಕ್ಕೆಂದು ಹೋಟೆಲಿಗೆ ಕರೆದುಕೊಂಡು ಹೋದರು. ಹೋದ ಮೇಲೆ ನೋಡಿದರೆ ಕೂಪನ್ ನಡೆಯುವುದು ಮಧ್ಯಾಹ್ನ ಮೂರೂವರೆಯ ನಂತರ. ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಎದುರಿನ ಬಸ್‌ಸ್ಟಾಪಿನಲ್ಲಿ ಎರಡು ಗಂಟೆ ಕಾಲ ಹಸಿದುಕೊಂಡು ಕೂತಿದ್ದೆ. "ಹಸಿವು ಜಾಸ್ತಿ ಆದ್ರೆ ಊಟ ಜಾಸ್ತಿ ಸೇರುತ್ತೆ ಕಣೇ, ಆಗ ಇನ್ನೂ ಲಾಭ" ಎಂದರು. 

ಇದನ್ನೆಲ್ಲ ನಾನು ಹಲ್ಲು ಕಚ್ಚಿಕೊಂಡು ಸಹಿಸಿದೆ. ಅವರ ತಂಗಿ ಶಾಮಲಾ ಸಹಿಸಲಿಲ್ಲ.

ಶಾಮಲಾಳನ್ನು ಕೊಟ್ಟಿರುವುದು ದೊಡ್ಡಬಳ್ಳಾಪುರಕ್ಕೆ. ಗಂಡ ಭೀಮರಾಜ್ ಮನೆಯ ಮುಂಭಾಗದಲ್ಲೇ ಎರಡು ಪವರ್‌ಲೂಮ್ ಹಾಕಿಕೊಂಡು, ಸಾಹುಕಾರರೊಬ್ಬರಿಗೆ ಕೂಲಿಗೆ ಸೀರೆ ನೇಯುತ್ತಾನೆ. ಒಂದು ಮಗ್ಗ ಅವನದು, ಇನ್ನೊಂದನ್ನು ಇವಳೇ ನೋಡಿಕೊಳ್ಳುತ್ತಾಳೆ. ಎರಡು ವರ್ಷದ ಹಿಂದೆ ಗೌರಿ ಹಬ್ಬಕ್ಕೆ ನಮ್ಮ ಯಜಮಾನರು ತಂಗಿಗೆ ಬಾಗಿನದ ಜೊತೆ ಸೀರೆ ಕೊಡುವ ಬದಲು ಬೆಂಗಳೂರಿನ ಒಂದು ಅಂಗಡಿಯ ಗಿಫ್ಟ್ ಕೂಪನ್ ಕೊಟ್ಟರು. ಕೆಲಸದ ಕಡೆ ಪುಕ್ಕಟೆ ಸಿಕ್ಕಿದ್ದು. ಅವಳು ರೈಲು ಹತ್ತಿ ಹೋಗಿ, ಗಂಟೆಗಟ್ಟಲೆ ಆರಿಸಿ, ಕೌಂಟರಿನಲ್ಲಿ ಕೂಪನ್ ಚಾಚಿದರೆ ವಾಯಿದೆ ಮುಗಿದಿತ್ತು. ಹಿಂದೆ ಸಾಲಿನಲ್ಲಿ ನಿಂತವರೆದುರಿಗೆ ಸೀರೆ ವಾಪಸಿಟ್ಟು ಬಂದಳು. ಅಂದಿನಿಂದ ತವರಿನ ಹೊಸಿಲು ತುಳಿಯಲಿಲ್ಲ.

ನಮ್ಮತ್ತೆ ಅಮ್ಮಯಮ್ಮ ನಮ್ಮ ಜೊತೆಯೇ ಇದ್ದಾರೆ. ಮಗಳ ಮುಖ ನೋಡದೆ ಸೊರಗಿಹೋಗಿದ್ದರು. ಈ ಸಲ ಹಬ್ಬಕ್ಕೆ ಹದಿನೈದು ದಿನ ಇದೆ ಅನ್ನುವಾಗ ಶಾಮಲಾ ತಾನಾಗಿಯೇ ಫೋನ್ ಮಾಡಿದಳು. "ಅಣ್ಣ ಬಾಗಿನ ತಂದ್ರೆ ತಗೋತೀನಿ ಅತ್ತಿಗೆ. ಹಬ್ಬ ಕಳೀಲಿ, ಬಂದು ಅಮ್ಮನ್ನ ನೋಡ್ಕೊಂಡು ಹೋಗ್ತೀನಿ." ಅತ್ತೆ ಅವತ್ತು ಎರಡು ಮುದ್ದೆ ಉಂಡರು.

"ರೀ, ಈ ಸಲ ಅಂಗಡಿಗೆ ಹೋಗಿ, ಕೈಯಲ್ಲಿ ಮುಟ್ಟಿ ನೋಡಿ, ಹೇಳಿದಷ್ಟು ಕೊಟ್ಟು ಸೀರೆ ತರೋಣ. ನಿಮ್ಮ ಕೂಪನ್ನು ಮಣ್ಣು ಮಸಿ ಏನೂ ಬೇಡ" ಎಂದೆ.

"ಆಯ್ತು ಮಾರಾಯ್ತಿ, ನಾನೇನು ಅಷ್ಟು ಕೆಟ್ಟವ್ನಾ?" ಎಂದರು ಯಜಮಾನರು. ಅಂದ ಹಾಗೆ ಅವರ ಹೆಸರು ನಂದೀಶ್. ಅವರು ಕೆಲಸ ಮಾಡುವ ಗೋಡೌನಿನಲ್ಲಿ ಎಲ್ಲರೂ ಆಫರ್ ನಂದೀಶ ಎನ್ನುತ್ತಾರೆ. ಅದು ಹೊಗಳಿಕೆ ಎಂದು ಅವರು ತಿಳಿದುಕೊಂಡಿದ್ದಾರೆ.

ಭಾನುವಾರ ಪೇಟೆಯ ಅಂಗಡಿಗೆ ಹೋದೆವು. ರಾಣಿ ಬಣ್ಣದ ಒಂದು ಸೀರೆ ನೋಡಿದ ಕೂಡಲೇ ನನಗೆ ಶಾಮಲಾ ಕಂಡಳು. ಹೆಗಲ ಮೇಲೆ ಹಾಕಿಕೊಂಡು ಕನ್ನಡಿ ನೋಡುತ್ತಿದ್ದೆ. ತಿರುಗಿದರೆ ಇವರು ಸೀರೆಯ ಬೆಲೆ ಚೀಟಿಯ ಫೋಟೋ ತೆಗೆಯುತ್ತಿದ್ದರು.

"ಏನ್ರೀ ಅದು?"

"ಸುಮ್ನೆ ನೋಡ್ತಿದ್ದೀನಿ."

ಸುಮ್ಮನೆ ನೋಡುವ ಮುಖವಲ್ಲ ಅದು. ಎರಡು ನಿಮಿಷಕ್ಕೆ ಮೊಬೈಲನ್ನು ನನ್ನ ಮೂಗಿಗೇ ಹಿಡಿದರು. "ನೋಡೇ! ಒಂದು ತಗೊಂಡ್ರೆ ಒಂದು ಫ್ರೀ. ಅದರ ಮೇಲೆ ಕೂಪನ್ ಬೇರೆ. ಇವತ್ತೇ ಕೊನೇ ದಿನ. ಇಲ್ಲಿ ಒಂದಕ್ಕೆ ಕೊಡೋ ಅರ್ಧ ದುಡ್ಡಿಗೆ ಅಲ್ಲಿ ಎರಡು! ನಿಂಗೂ ಒಂದಾಯ್ತು."

"ನಂಗೆ ಬೇಡ. ಇದನ್ನ ಕಟ್ಟಿಸಿ."

"ನಿಂಗೆ ದುಡ್ಡಿನ ಬೆಲೆ ಗೊತ್ತಿಲ್ಲ."

"ನಿಮಗೆ ಬೇರೆ ಯಾವುದರ ಬೆಲೆಯೂ ಗೊತ್ತಿಲ್ಲ."

ಅಂಗಡಿಯವರು ರಾಣಿ ಬಣ್ಣದ ಸೀರೆಯನ್ನು ಮಡಚತೊಡಗಿದರು.  ಇವರು ಆಗಲೇ ಮೆಟ್ಟಿಲಿಳಿದು, ಬೈಕಿನ ಮೇಲೆ ಕೂತು, ಓಟಿಪಿ ಒತ್ತುತ್ತಿದ್ದರು.

ಐದನೇ ದಿನ ಪೊಟ್ಟಣ ಬಂತು. ಒಂದು ನೇರಳೆ, ಒಂದು ಹಸಿರು, ಎರಡಕ್ಕೂ ನವಿಲಿನ ಅಂಚು. ಸುಳ್ಳು ಯಾಕೆ ಹೇಳಲಿ, ನೋಡಲು ಚೆನ್ನಾಗಿಯೇ ಇದ್ದವು. ಯಜಮಾನರ ಎದೆ ಒಂದು ಗೇಣು ಉಬ್ಬಿತು. ನಾನು ಎರಡು ದಿನ ಅವರೊಂದಿಗೆ ಮಾತು ಬಿಟ್ಟೆ. ಮೂರನೇ ದಿನ ಹಸಿರು ಸೀರೆಗೆ ಫಾಲ್ ಹಾಕಿಸಿಕೊಂಡು ಬಂದೆ. ನನ್ನ ಸಿಟ್ಟಿನ ಯೋಗ್ಯತೆ ಇಷ್ಟೇ.

ಹಬ್ಬದ ಹಿಂದಿನ ದಿನ ಹೊಸ ಮೊರದಲ್ಲಿ ಅಕ್ಕಿ, ಬೇಳೆ, ಬೆಲ್ಲ, ಬಳೆ, ಅರಿಶಿನ ಕುಂಕುಮ ಜೋಡಿಸಿ, ಮೇಲೆ ನೇರಳೆ ಸೀರೆ ಇಟ್ಟು, ಇನ್ನೊಂದು ಮೊರ ಮುಚ್ಚಿ, ದೊಡ್ಡಬಳ್ಳಾಪುರದ ಬಸ್ಸು ಹತ್ತಿದೆವು. ನಾನು ಹಸಿರು ಸೀರೆ ಉಟ್ಟಿದ್ದೆ. ಅವರ ಬೀದಿಗೆ ಕಾಲಿಟ್ಟರೆ ಮನೆಮನೆಯಲ್ಲೂ ಮಗ್ಗದ ಸದ್ದು, ಪಕ್ಕದವರ ಮಾತು ಕೇಳಿಸುವುದಿಲ್ಲ. ನಮ್ಮನ್ನು ನೋಡಿದ ಕೂಡಲೇ ಭೀಮರಾಜ್ ಎರಡೂ ಮಗ್ಗ ನಿಲ್ಲಿಸಿದ. "ಬನ್ನಿ ಭಾವ, ಎಷ್ಟ್ ದಿನ ಆಯ್ತು!" ಎಂದ. ಶಾಮಲಾ ಕೈಕಾಲು ತೊಳೆದು ಬಂದು, ಚಾಪೆಯ ಮೇಲೆ ಕೂತು, ಸೆರಗು ಹಿಡಿದು ಅಣ್ಣನಿಂದ ಬಾಗಿನ ತೆಗೆದುಕೊಂಡಳು. ಅವಳ ಕಣ್ಣಲ್ಲಿ ನೀರಿತ್ತು. ಸದ್ಯ, ಎಲ್ಲ ಸರಿಹೋಯಿತು ಎಂದು ನನ್ನ ಜೀವಕ್ಕೆ ಸಮಾಧಾನವಾಯಿತು.

ಮೊರ ತೆಗೆದು ಸೀರೆಯ ಒಂದು ಮಡಿಕೆ ಬಿಚ್ಚಿದಳು. ಬಿಚ್ಚಿದವಳು ಅದನ್ನು ತಿರುಗಿಸಿ ಒಳಮೈ ನೋಡಿದಳು. ನೇಯುವವರಿಗೆ ಅದು ಅಭ್ಯಾಸ. ಅಂಚಿನ ಮೇಲೆ ಬೆರಳಾಡಿಸುತ್ತ ಹೋಗಿ ಒಂದು ಕಡೆ ನಿಂತಳು. ಇನ್ನೊಂದು ಮಡಿಕೆ ಬಿಚ್ಚಿದಳು. ಆಮೇಲೆ "ರೀ, ಬನ್ನಿ ಇಲ್ಲಿ" ಎಂದು ಗಂಡನನ್ನು ಕರೆದಳು. ಭೀಮರಾಜ್ ಬಗ್ಗಿ ನೋಡಿದ. ಹೋಗಿ ಮಗ್ಗದ ಹಲಗೆಯ ಮೇಲೆ ಕೂತ.

"ಎಷ್ಟಕ್ಕೆ ಸಿಕ್ತು ಅಣ್ಣ?" ಎಂದು ಶಾಮಲಾ ಕೇಳಿದಳು.

ಇಂಥ ಪ್ರಶ್ನೆ ಕೇಳಿದರೆ ನಮ್ಮವರಿಗೆ ಲೋಕವೇ ಮರೆತುಹೋಗುತ್ತದೆ. "ಅರ್ಧಕ್ಕರ್ಧ ಕಣಮ್ಮ! ಒಂದು ತಗೊಂಡ್ರೆ ಒಂದು ಫ್ರೀ. ನಿಮ್ಮತ್ತಿಗೆ ಉಟ್ಟಿರೋದೂ ಅದೇ."

"ಆ ಅರ್ಧ ನಮ್ಮ ಕೂಲೀಲಿ ಮುರ್ಕೊಂಡಿದ್ದು ಅಣ್ಣ."

ಅವರಿಗೆ ಅರ್ಥವಾಗಲಿಲ್ಲ. ಅವಳು ಅಂಚನ್ನು ಅವರ ಕಣ್ಣೆದುರಿಗೆ ಹಿಡಿದಳು. "ನವಿಲು ನೋಡು. ಎಲ್ಲಕ್ಕೂ ಒಂದೇ ಕಾಲು. ಜೂನ್ ತಿಂಗ್ಳಲ್ಲಿ ನನ್ನ ಮಗ್ಗದಲ್ಲಿ ಅಂಚಿನ ನವಿಲು ಮೂಡ್ಸೋ ಡಿಸೈನ್ ಕಾರ್ಡು ಒಂದು ಹರಿದೋಗಿತ್ತು. ಮಗಳಿಗೆ ಜ್ವರ, ರಾತ್ರಿಯೆಲ್ಲ ನಿದ್ದೆ ಇಲ್ಲ, ನಾನು ನೋಡ್ಲಿಲ್ಲ. ಹನ್ನೆರಡು ಸೀರೆ ಹಂಗೇ ನೇಯ್ದುಬಿಟ್ಟೆ. ಸಾಹುಕಾರ ಕೆಟ್ಟ ಮಾಲು ಅಂತ ಅರ್ಧ ಕೂಲಿ ಹಿಡ್ಕೊಂಡು, ಅದನ್ನ ಯಾರಿಗೋ ಆನ್‌ಲೈನ್‌ನೋರಿಗೆ ಹಾಕ್ದ. ನೀನು ತಂದಿದ್ದೀಯ."

ಯಜಮಾನರು ಬೆವರಿದರು. ಬೆವರಿದರೂ ಹುಟ್ಟುಗುಣ ಬಿಡಬೇಕಲ್ಲ. "ಅಯ್ಯೋ, ಯೋಚ್ನೆ ಮಾಡ್ಬೇಡ ಕಣಮ್ಮ. ರಿಟರ್ನ್ ಮಾಡೋಕೆ ನಾಳೆವರ್ಗೂ ಟೈಮ್ ಇದೆ" ಎಂದರು.

ಆ ಕ್ಷಣ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ.

"ತಗೊಂಡ ಬಾಗಿನ ವಾಪಸ್ ಕೊಡಬಾರ್ದು ಅಣ್ಣ. ಇರ್ಲಿ" ಎಂದು ಶಾಮಲಾ ಸೀರೆಯನ್ನು ಮೊದಲಿದ್ದ ಹಾಗೇ ಮಡಚಿಟ್ಟಳು. ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು. ಎದ್ದು ನನ್ನ ಹತ್ತಿರ ಬಂದಳು. "ಒಳಗೆ ಬನ್ನಿ ಅತ್ತಿಗೆ, ಬೇರೆ ಸೀರೆ ಕೊಡ್ತೀನಿ. ಇದನ್ನ ಉಟ್ಕೊಂಡು ನಮ್ಮ ಬೀದೀಲಿ ವಾಪಸ್ ಹೋಗ್ಬೇಡಿ. ಇಲ್ಲಿ ಎಲ್ಲಾರೂ ನೇಯೋರೇ, ದೂರದಿಂದಾನೇ ಗುರ್ತು ಹಿಡೀತಾರೆ."

ನಾನು ಬಗ್ಗಿ ನನ್ನ ಸೆರಗು ನೋಡಿಕೊಂಡೆ. ಬೆಳಗ್ಗೆಯಿಂದ ಮೈಮೇಲೆ ಹೊತ್ತು ತಿರುಗಿದ್ದೆ, ಒಂದು ಸಲವೂ ಸರಿಯಾಗಿ ನೋಡಿರಲಿಲ್ಲ. ಹನ್ನೊಂದು ವರ್ಷ ಗಂಡನನ್ನು ಬೈದುಕೊಂಡೇ ಬಂದವಳು, ಅವರು ತಂದದ್ದನ್ನು ಮಾತ್ರ ಒಂದೂ ಬಿಡದೆ ಉಟ್ಟಿದ್ದೆ, ಉಂಡಿದ್ದೆ. ಅವರ ಮೇಲಿದ್ದ ಸಿಟ್ಟು ಹೋಗಲಿಲ್ಲ, ಅದಕ್ಕಿಂತ ಜೋರಾಗಿ ನನ್ನ ಮೇಲೆ ಸಿಟ್ಟು ಬಂತು.

ಒಳಗಿನ ಕೋಣೆಯಲ್ಲಿ ಅವಳು ಟ್ರಂಕಿನಿಂದ ರಾಗಿ ಬಣ್ಣದ ಸೀರೆಯೊಂದನ್ನು ತೆಗೆದಳು. ಇನ್ನೂ ಮಡಿಕೆ ಬಿಚ್ಚದ್ದು, ಒಂದು ಎಳೆಯೂ ತಪ್ಪಿರಲಿಲ್ಲ. ಅಮ್ಮನಿಗೆಂದು ತಾನೇ ನೇಯ್ದು ಇಟ್ಟಿದ್ದಳಂತೆ, ಹಬ್ಬ ಕಳೆದು ನಮ್ಮ ಮನೆಗೆ ಬಂದಾಗ ಕೊಡೋಣ ಎಂದು. ನಾನು ಬೇಡ ಬೇಡ ಎಂದರೂ ಕೇಳದೆ ಉಡಿಸತೊಡಗಿದಳು. ಹೊರಗೆ ಭೀಮರಾಜ್ ಮಗ್ಗ ಶುರು ಮಾಡಿದ. 

"ಹಬ್ಬ ಕಳೆದ ಮೇಲೆ ಬರ್ತೀಯ ತಾನೇ ಶಾಮಲಾ? ಅತ್ತೆ ದಾರಿ ಕಾಯ್ತಿದ್ದಾರೆ" ಎಂದು ಮಗ್ಗದ ಸದ್ದಿನಲ್ಲಿ ಗಟ್ಟಿಯಾಗಿ ಕೇಳಿದೆ.

ಅವಳು ಮಂಡಿಯೂರಿ ನನ್ನ ನೆರಿಗೆ ಸರಿಮಾಡುತ್ತಿದ್ದಳು. ತಲೆ ಎತ್ತಲಿಲ್ಲ.

"ಅಮ್ಮನ್ನೇ ಇಲ್ಲಿಗೆ ಕಳ್ಸಿಬಿಡಿ ಅತ್ತಿಗೆ. ನಾನು ನೋಡ್ಕೋತೀನಿ."